ಹೆಂಡತಿಯ ಕಿಡ್ನಿ ಗಂಡನಿಗೆ ಒಗ್ಗುತ್ತದೆ, ಗಂಡನದು ಹೆಂಡತಿಗೆ ಯಾಕೆ ಒಗ್ಗುವುದಿಲ್ಲ?

ಗಂಡನಿಗೆ ಕಿಡ್ನಿ ಕೊಟ್ಟ ಹೆಂಡತಿಯ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತದೆ. ಮಗನಿಗೆ ಕೊಟ್ಟ ತಾಯಿಯ ಸುದ್ದಿಯೂ ಬರುತ್ತದೆ. ಹೆಂಡತಿಗೆ ಕಿಡ್ನಿ ಕೊಟ್ಟ ಗಂಡನ ಸುದ್ದಿ ಕಡೆಯ ಸಲ ಯಾವಾಗ ಓದಿದಿರಿ? ಸ್ವಲ್ಪ ಯೋಚಿಸಬೇಕಾಗುತ್ತದೆ, ಅಲ್ವಾ?

ಲೆಕ್ಕವೂ ಅದನ್ನೇ ಹೇಳುತ್ತದೆ. ಅಂಗಾಂಗ ಕಸಿಯ ರಾಷ್ಟ್ರೀಯ ಸಂಸ್ಥೆ ನೊಟ್ಟೊ. ಅದರ ಅಂಕಿ ಅಂಶದ ಪ್ರಕಾರ 1995ರಿಂದ 2021ರವರೆಗೆ ದೇಶದಲ್ಲಿ ನಡೆದ 36,640 ಕಸಿಗಳಲ್ಲಿ ಹೆಂಗಸರಿಗೆ ಸಿಕ್ಕಿದ್ದು 6,945 ಮಾತ್ರ. ಐದು ಕಸಿ ನಡೆದರೆ ನಾಲ್ಕು ಗಂಡಸರಿಗೆ. ಬದುಕಿರುವಾಗಲೇ ಅಂಗ ಕೊಡುವವರನ್ನು ನೋಡಿದರೆ ಹೆಂಗಸರೇ ಜಾಸ್ತಿ. ಈ ಅಂತರ ಸರಿಪಡಿಸಬೇಕು ಅಂತಲೇ 2025ರ ಆಗಸ್ಟ್‌ನಲ್ಲಿ ನೊಟ್ಟೊ ರಾಜ್ಯಗಳಿಗೆ ಒಂದು ಸಲಹಾಪತ್ರ ಕಳಿಸಿತು. ತೀರಿಕೊಂಡ ದಾನಿಗಳ ಅಂಗ ಹಂಚುವಾಗ ಕಾಯುತ್ತಿರುವ ಹೆಣ್ಣುಮಕ್ಕಳಿಗೆ ಆದ್ಯತೆ ಕೊಡಿ ಅನ್ನುವುದು ಅದರಲ್ಲಿದ್ದ ಒಂದು ಮಾತು.

ಈ ಅಂತರಕ್ಕೆ ದೊಡ್ಡ ಕಾರಣ ಮನೆಯೊಳಗೇ ಇದೆ. ದುಡಿಯುವವನು ಅವನು, ಅವನಿಗೇನಾದರೂ ಆದರೆ ಸಂಸಾರ ನಡೆಯೋದು ಹೇಗೆ ಅನ್ನುತ್ತಾರೆ. ಅವಳಿಗೆ ಕಾಯಿಲೆ ಬಂದರೆ ಡಯಾಲಿಸಿಸ್ ಮಾಡಿಸಿಕೊಂಡು ಇರಲಿ ಅನ್ನುತ್ತಾರೆ. ಇದನ್ನು ಯಾವ ವಿಜ್ಞಾನದ ಮರೆಯಲ್ಲೂ ಮುಚ್ಚಿಡಬಾರದು.

ಇನ್ನೊಂದು ಕಾರಣ ರಕ್ತದೊಳಗಿದೆ. ಅದರ ಬಗ್ಗೆ ಮಾತು ಕಡಿಮೆ. ಗಂಡ ಮನಸಾರೆ ಒಪ್ಪಿ, ಆಸ್ಪತ್ರೆಗೆ ಬಂದು, ತೋಳು ಚಾಚಿ ರಕ್ತ ಕೊಟ್ಟರೂ ‘ನಿಮ್ಮದು ಇವರಿಗೆ ಆಗಲ್ಲ’ ಅಂತ ಲ್ಯಾಬಿನಿಂದ ಉತ್ತರ ಬರಬಹುದು. ರೋಗಿ ಹೆಂಡತಿಯಾಗಿದ್ದಾಗ, ಅದರಲ್ಲೂ ಮಕ್ಕಳ ತಾಯಿಯಾಗಿದ್ದಾಗ, ಹಾಗೆ ಬರುವ ಸಾಧ್ಯತೆ ಜಾಸ್ತಿ.

ಬಸಿರಿಗೂ ಕಿಡ್ನಿ ಕಸಿಗೂ ಏನು ಸಂಬಂಧ? ಇದು ಗೊತ್ತಾದರೆ ‘ಟಿಶ್ಯೂ ಮ್ಯಾಚಿಂಗ್’ ಅನ್ನುವುದೇ ಬೇರೆ ಥರ ಕಾಣುತ್ತದೆ.

‘ಪಾಸಿಟಿವ್ ಬಂದಿದೆ’

ಹಾಸನದ ಕಡೆಯ ಒಂದು ಮನೆ ಅಂದುಕೊಳ್ಳಿ. ಹೆಂಡತಿಗೆ 41 ವರ್ಷ. ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ವಾರಕ್ಕೆ ಎರಡು ಸಲ ಡಯಾಲಿಸಿಸ್. ಡಯಾಲಿಸಿಸ್ ಸೂಜಿ ಚುಚ್ಚಲು ಎಡಗೈಯಲ್ಲಿ ರಕ್ತನಾಳ ಜೋಡಿಸಿ ಮಾಡಿದ ಫಿಸ್ಟುಲಾ ಉಬ್ಬಿಕೊಂಡಿದೆ. ಗಂಡನಿಗೆ ಸಕ್ಕರೆ ಇಲ್ಲ, ಬಿಪಿ ಇಲ್ಲ. ಇಬ್ಬರದ್ದೂ ಬಿ ಪಾಸಿಟಿವ್ ರಕ್ತ. ‘ಗ್ರೂಪ್ ಒಂದೇ ಇದೆಯಲ್ಲ, ಇನ್ನೇನು ಯೋಚನೆ ಇಲ್ಲ’ ಅಂತ ಮನೆಯವರೆಲ್ಲ ಹಗುರಾಗುತ್ತಾರೆ. ವಾರ ಕಳೆದ ಮೇಲೆ ರಿಪೋರ್ಟ್ ಬರುತ್ತದೆ. ಅದರಲ್ಲಿ ಕ್ರಾಸ್‌ಮ್ಯಾಚ್ ಪಾಸಿಟಿವ್ ಅಂತ ಇರುತ್ತದೆ. ಪಾಸಿಟಿವ್ ಅಂದರೆ ಒಳ್ಳೆಯದೇ ಅಂದುಕೊಂಡು ಮಗ ಊರಿಗೆ ಫೋನ್ ಕೂಡ ಮಾಡಿಬಿಡುತ್ತಾನೆ.

ಇಲ್ಲಿ ಪಾಸಿಟಿವ್ ಅಂದರೆ ಕೆಟ್ಟ ಸುದ್ದಿ. ಆಕೆಯ ರಕ್ತದಲ್ಲಿ ಗಂಡನ ಜೀವಕೋಶಗಳನ್ನು ಕೊಲ್ಲುವ ಪ್ರತಿಕಾಯಗಳು (ಆಂಟಿಬಾಡಿ) ಮೊದಲೇ ಇವೆ ಅಂತ ಅರ್ಥ. ನೆಗೆಟಿವ್ ಬಂದರೆ ಮಾತ್ರ ಮುಂದಿನ ಹೆಜ್ಜೆ.

ಹೀಗಾಗಿ ಮೂರು ಪರೀಕ್ಷೆಗಳನ್ನು ಬೇರೆ ಬೇರೆಯಾಗಿ ನೋಡಬೇಕು. ನಾವು ಮೂರನ್ನೂ ಸೇರಿಸಿ ‘ಮ್ಯಾಚ್ ಆಯ್ತಾ?’ ಅಂತ ಒಂದೇ ಮಾತಿನಲ್ಲಿ ಕೇಳಿಬಿಡುತ್ತೇವೆ. ಮೊದಲನೆಯದು ರಕ್ತದ ಗುಂಪು. ಇದು ಎಲ್ಲರಿಗೂ ಗೊತ್ತಿರುವುದೇ. ಓ ಗುಂಪಿನವರು ಯಾರಿಗಾದರೂ ಕೊಡಬಹುದು, ಎಬಿ ಗುಂಪಿನವರು ಯಾರಿಂದಲಾದರೂ ಪಡೆಯಬಹುದು. ಪಾಸಿಟಿವ್, ನೆಗೆಟಿವ್ ಅನ್ನುವ ಆರ್‌ಎಚ್ ವ್ಯತ್ಯಾಸ ಕಿಡ್ನಿಗೆ ಲೆಕ್ಕಕ್ಕಿಲ್ಲ. ಎರಡನೆಯದು ಎಚ್‌ಎಲ್‌ಎ ಟೈಪಿಂಗ್. ಮೂರನೆಯದು ಕ್ರಾಸ್‌ಮ್ಯಾಚ್. ಹೆಸರು ಮಾಡಿರುವುದು ಎರಡನೆಯದು. ಕಸಿ ನಡೆಯುತ್ತದೋ ಇಲ್ಲವೋ ಅಂತ ಕಡೆಗೆ ಹೇಳುವುದು ಮೂರನೆಯದು.

ಕ, ಖ, ಗ, ಘ

ನಮ್ಮ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳ ಮೈಮೇಲೂ ಒಂದು ಗುರುತು ಇರುತ್ತದೆ. ‘ಇದು ನಮ್ಮ ಮನೆಯದು’ ಅಂತ ಕಾವಲಿನ ಬಿಳಿ ರಕ್ತಕಣಗಳಿಗೆ ತೋರಿಸುವ ಗುರುತು. ಅದೇ ಎಚ್‌ಎಲ್‌ಎ. ಅದನ್ನು ಬರೆಯುವ ಜೀನ್‌ಗಳು 6ನೇ ಕ್ರೋಮೋಸೋಮಿನ ಮೇಲೆ ಒತ್ತೊತ್ತಾಗಿ ಕೂತಿವೆ. ಒತ್ತಾಗಿ ಇರುವುದರಿಂದ ಅವು ಬಿಡಿಬಿಡಿಯಾಗಿ ಹಂಚಿಹೋಗುವುದು ಅಪರೂಪ. ಒಂದು ಕಟ್ಟಾಗಿಯೇ ಮಕ್ಕಳಿಗೆ ಹೋಗುತ್ತವೆ.

ತಾಯಿಯ ಹತ್ತಿರ ಕ ಮತ್ತು ಖ ಅನ್ನುವ ಎರಡು ಕಟ್ಟು ಇವೆ ಅಂದುಕೊಳ್ಳಿ. ತಂದೆಯ ಹತ್ತಿರ ಗ ಮತ್ತು ಘ. ಮಗುವಿಗೆ ತಾಯಿಯಿಂದ ಒಂದು, ತಂದೆಯಿಂದ ಒಂದು. ಅಂದರೆ ಕಗ, ಕಘ, ಖಗ, ಖಘ, ಈ ನಾಲ್ಕರಲ್ಲಿ ಯಾವುದಾದರೂ ಒಂದು. ಹಾಗಾಗಿ ತಂದೆ ತಾಯಿ ಯಾವತ್ತೂ ಮಗುವಿಗೆ ಅರ್ಧ ಹೊಂದುತ್ತಾರೆ. ಅದಕ್ಕಿಂತ ಕಡಿಮೆ ಇಲ್ಲ. ಒಡಹುಟ್ಟಿದವರದ್ದು ಅದೃಷ್ಟದ ಮಾತು. ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅರ್ಧ ಹೊಂದುವುದು ನಾಲ್ಕರಲ್ಲಿ ಎರಡು, ಏನೂ ಹೊಂದದೇ ಇರುವುದು ನಾಲ್ಕರಲ್ಲಿ ಒಂದು. ಸ್ವಂತ ಅಣ್ಣನ ಗುರುತು ತಂಗಿಗೆ ದಾರಿಹೋಕನ ಗುರುತಿನಷ್ಟೇ ಬೇರೆಯಾಗಿರಬಹುದು. ಕೇಳಿದವರಿಗೆ ನಂಬಿಕೆ ಬರುವುದಿಲ್ಲ, ಆದರೆ ಅದು ನಿಜ.

ಗಂಡ ಹೆಂಡತಿ ಸಾಮಾನ್ಯವಾಗಿ ಅಪರಿಚಿತರೇ. ನಮ್ಮ ಕಡೆ ಇದಕ್ಕೊಂದು ಅಪವಾದ ಇದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರು ಕರ್ನಾಟಕದಲ್ಲಿ ಇವತ್ತಿಗೂ ಇದ್ದಾರೆ. ಸೋದರಮಾವನಾದರೆ ಗಂಡ ಹೆಂಡತಿ ಒಂದು ಕಟ್ಟು ಹಂಚಿಕೊಂಡಿರುವ ಸಾಧ್ಯತೆ ಎರಡರಲ್ಲಿ ಒಂದು. ಅತ್ತೆಯ ಮಗನಾದರೆ ನಾಲ್ಕರಲ್ಲಿ ಒಂದು. ಹಾಗಂತ ಇದು ಒಳಸಂಬಂಧದ ಪರವಾದ ವಾದ ಅಲ್ಲ. ಅದೇ ಸಂಬಂಧದಲ್ಲಿ ಕಿಡ್ನಿಯ ಕೆಲವು ವಂಶಪಾರಂಪರ್ಯ ಕಾಯಿಲೆಗಳೂ ಸುತ್ತುತ್ತಿರುತ್ತವೆ. ದಾನಿಯನ್ನೇ ಇನ್ನಷ್ಟು ಹುಷಾರಾಗಿ ಪರೀಕ್ಷೆ ಮಾಡಬೇಕಾಗುತ್ತದೆ.

ಎಚ್‌ಎಲ್‌ಎ ಪರೀಕ್ಷೆಗೆ ನಮ್ಮ ದೇಶದಲ್ಲಿ ಇನ್ನೊಂದು ಕೆಲಸವೂ ಇದೆ. 1994ರ ಅಂಗಾಂಗ ಕಸಿ ಕಾನೂನು ಬಂದಿದ್ದೇ ಕಿಡ್ನಿ ಮಾರಾಟ ತಡೆಯಲು. ಕೊಡುವವರು ನಿಜವಾಗಲೂ ತಮ್ಮನೋ ಮಗಳೋ ಅಂತ ಕಾಗದ ಪತ್ರದಿಂದ ಖಾತ್ರಿಯಾಗದಿದ್ದರೆ ಈ ಪರೀಕ್ಷೆಯೇ ಸಾಕ್ಷಿ. ಮುಖ್ಯವಾದ ಆರು ಗುರುತುಗಳಲ್ಲಿ ಎಷ್ಟು ಹೊಂದುತ್ತವೆ ಅಂತ ರಿಪೋರ್ಟಿನಲ್ಲಿ ಇರುತ್ತದೆ. ಕೆಲವು ಮನೆಯವರು ಅದನ್ನು ಮಾರ್ಕ್ಸ್ ಕಾರ್ಡ್ ಥರ ನೋಡಿ ಹೆದರುತ್ತಾರೆ. ‘ಆರಕ್ಕೆ ಒಂದೇ ಮ್ಯಾಚ್ ಆಗಿದೆ, ಕೊಡೋದು ಬೇಡ’ ಅಂತ ಹಿಂದೆ ಸರಿಯುತ್ತಾರೆ. ಅದು ದೊಡ್ಡ ತಪ್ಪು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬಸಿರು ಬಿಟ್ಟುಹೋಗುವ ನೆನಪು

ಒಂಬತ್ತು ತಿಂಗಳು ತಾಯಿಯ ಹೊಟ್ಟೆಯಲ್ಲಿರುವ ಮಗುವಿನ ಅರ್ಧ ಗುರುತು ಗಂಡನದ್ದು. ಕಗ ಮಗುವಿನಲ್ಲಿ ಗ ಇದೆ. ತಾಯಿಯ ಮೈ ಅದನ್ನು ಹಿಂದೆ ಕಂಡಿಲ್ಲ. ಬಸಿರಿನಲ್ಲಿ, ಅದರಲ್ಲೂ ಹೆರಿಗೆ ಅಥವಾ ಗರ್ಭಪಾತದ ಹೊತ್ತಿಗೆ, ಮಗುವಿನ ಒಂದಿಷ್ಟು ಜೀವಕೋಶ ತಾಯಿಯ ರಕ್ತಕ್ಕೆ ಸೇರುತ್ತದೆ. ಕೆಲವು ತಾಯಂದಿರ ಮೈ ಅದನ್ನು ನೋಡಿ ಪ್ರತಿಕಾಯ ತಯಾರಿಸುತ್ತದೆ. ಮಗುವಿಗೆ ಇದರಿಂದ ತೊಂದರೆ ಆಗುವುದಿಲ್ಲ. ಮಾಸು ಅದನ್ನು ಕಾಯುತ್ತದೆ. ತಾಯಿಗೂ ಏನೂ ಗೊತ್ತಾಗುವುದಿಲ್ಲ. ಆದರೆ ಮೈಗೆ ಆ ಗುರುತು ನೆನಪಿರುತ್ತದೆ. ಇಪ್ಪತ್ತು ವರ್ಷ ಕಳೆದ ಮೇಲೂ ನೆನಪಿರಬಹುದು.

ಎಷ್ಟು ತಾಯಂದಿರಿಗೆ ಹೀಗಾಗುತ್ತದೆ? ಅಮೆರಿಕದಲ್ಲಿ ಸಾವಿರಾರು ರಕ್ತದಾನಿಗಳನ್ನು ಪರೀಕ್ಷೆ ಮಾಡಿ 2009ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಒಮ್ಮೆಯೂ ಬಸುರಿಯಾಗದ ಹೆಂಗಸರಲ್ಲಿ ಎಚ್‌ಎಲ್‌ಎ ಪ್ರತಿಕಾಯ ಇದ್ದದ್ದು 100ಕ್ಕೆ ಇಬ್ಬರಿಗಿಂತ ಕಡಿಮೆ. ಒಂದು ಸಲ ಬಸುರಿಯಾದವರಲ್ಲಿ 11. ಎರಡು ಸಲವಾದರೆ 22. ಮೂರು ಸಲವಾದರೆ 27. ಎಲ್ಲ ತಾಯಂದಿರಿಗೂ ಆಗುವುದಿಲ್ಲ ಅನ್ನುವುದನ್ನು ಗಮನಿಸಿ. ಬಹಳಷ್ಟು ಜನ ಗಂಡನ ಕಿಡ್ನಿಯನ್ನು ಚೆನ್ನಾಗಿಯೇ ಪಡೆಯಬಲ್ಲರು. ಆದರೆ ನಾಲ್ಕರಲ್ಲಿ ಒಬ್ಬಳು ಅನ್ನುವುದು ಸಣ್ಣ ಲೆಕ್ಕವೂ ಅಲ್ಲ.

ಈಗ ಹಾಸನದ ಆ ಮನೆಗೆ ವಾಪಸ್ ಬನ್ನಿ. ಆಕೆಯ ಪ್ರತಿಕಾಯಗಳು ಗಂಡನ ಗ ಗುರುತಿನ ಮೇಲೆ ಬೀಳುತ್ತವೆ. ಹಾಗಾದರೆ ಮಕ್ಕಳು ಕೊಡಬಹುದಲ್ಲ? ಗ ಇರುವ ಮಗ ಕೊಟ್ಟರೂ ಅದೇ ಕಥೆ, ಯಾಕೆಂದರೆ ಆ ಗುರುತು ಬಂದಿದ್ದೇ ಅಪ್ಪನಿಂದ. ಒಂದೇ ಏಟಿಗೆ ಗಂಡನೂ ಮಕ್ಕಳೂ ದಾನಿಗಳ ಪಟ್ಟಿಯಿಂದ ಹೊರಗೆ ಹೋಗಬಹುದು. ಉಳಿಯುವವರು ತವರಿನವರು. ಅಪ್ಪ ಅಮ್ಮನಿಗೆ ವಯಸ್ಸಾಗಿದೆ. ಅಣ್ಣ ತಮ್ಮಂದಿರಿಗೆ ಅವರದ್ದೇ ಸಂಸಾರ ಇದೆ, ಅವರ ಹೆಂಡತಿಯರ ಭಯ ಇದೆ. ಅದೂ ನ್ಯಾಯವೇ.

ಇದನ್ನೇ ತಿರುಗಿಸಿ ನೋಡಿ. ಗಂಡನಿಗೆ ಕಿಡ್ನಿ ಬೇಕಾದರೆ ಹೆಂಡತಿ ಕೊಡಬಹುದು. ಅವನು ಬಸುರಿಯಾಗಿಲ್ಲ, ಅವನ ಮೈಗೆ ಅವಳ ಗುರುತಿನ ಹಳೆಯ ನೆನಪಿಲ್ಲ. ಮಗನಿಗೆ ತಾಯಿ ಕೊಡುವುದಕ್ಕೂ ಈ ಅಡ್ಡಿ ಇಲ್ಲ. ಕೊಡುವವಳ ಪ್ರತಿಕಾಯ ಲೆಕ್ಕಕ್ಕೆ ಬರುವುದಿಲ್ಲ, ಪಡೆಯುವವರದ್ದು ಮಾತ್ರ ಬರುತ್ತದೆ. ಕೊಡಲು ಹೊರಟ ಹೆಣ್ಣಿಗೆ ದಾರಿ ಸಲೀಸು, ಪಡೆಯಲು ಹೊರಟ ಹೆಣ್ಣಿಗೆ ದಾರಿ ಕಿರಿದು. ಮನೆಯವರ ತಾರತಮ್ಯದ ಮೇಲೆ ಇದೂ ಒಂದು ಭಾರ.

ಎಚ್‌ಎಲ್‌ಎ ಬಗ್ಗೆ ವಿಜ್ಞಾನಕ್ಕೆ ಗೊತ್ತಾಗಿದ್ದರಲ್ಲಿ ದೊಡ್ಡ ಪಾಲು ಇಂಥ ತಾಯಂದಿರಿಂದಲೇ. 1958ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಯಾನ್ ವಾನ್ ರೂಡ್ ಮತ್ತು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ರೋಸ್ ಪೇನ್, ಹೆತ್ತ ತಾಯಂದಿರ ರಕ್ತದಲ್ಲಿ ಬೇರೆಯವರ ಬಿಳಿ ರಕ್ತಕಣಗಳನ್ನು ಗುರುತಿಸುವ ಪ್ರತಿಕಾಯಗಳನ್ನು ಕಂಡರು. ಅದೇ ವರ್ಷ ಪ್ಯಾರಿಸ್‌ನಲ್ಲಿ ಜಾನ್ ದೊಸ್ಸೆ ಮೊದಲ ಎಚ್‌ಎಲ್‌ಎ ಗುರುತನ್ನು ವಿವರಿಸಿದರು. 1980ರಲ್ಲಿ ಅವರಿಗೆ ನೊಬೆಲ್ ಬಂತು. ಆಮೇಲೆ ಎಷ್ಟೋ ವರ್ಷ ಜಗತ್ತಿನ ಲ್ಯಾಬ್‌ಗಳು ಟೈಪಿಂಗ್ ಮಾಡುತ್ತಿದ್ದದ್ದು ಹಲವು ಮಕ್ಕಳನ್ನು ಹೆತ್ತ ತಾಯಂದಿರ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಬಳಸಿಯೇ. ಈಗ ಡಿಎನ್‌ಎ ನೋಡಿ ಮಾಡುತ್ತಾರೆ.

ಗುಳಿಯೊಳಗೆ ನಡೆಯುವ ಪರೀಕ್ಷೆ

ಕ್ರಾಸ್‌ಮ್ಯಾಚ್ ನೋಡಲು ತೀರಾ ಸರಳ. ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ ಸಾಲಾಗಿ ಪುಟ್ಟ ಪುಟ್ಟ ಗುಳಿಗಳು. ಒಂದೊಂದು ಗುಳಿಗೂ ರೋಗಿಯ ಸೀರಮ್ ಒಂದು ಮೈಕ್ರೋಲೀಟರ್. ಅಂದರೆ ಒಂದು ಹನಿಯ ಹತ್ತಾರನೇ ಒಂದು ಪಾಲು. ಆರಿಹೋಗದ ಹಾಗೆ ಮೇಲೆ ಒಂದು ತೊಟ್ಟು ಎಣ್ಣೆ. ಅದಕ್ಕೆ ದಾನಿಯ ಬಿಳಿ ರಕ್ತಕಣ ಸೇರಿಸುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಮೊಲದ ರಕ್ತದಿಂದ ತೆಗೆದ ಕಾಂಪ್ಲಿಮೆಂಟ್ ಅನ್ನುವ ಪ್ರೋಟೀನುಗಳನ್ನು ಹಾಕುತ್ತಾರೆ. ಪ್ರತಿಕಾಯ ಅಂಟಿಕೊಂಡಿದ್ದರೆ ಈ ಕಾಂಪ್ಲಿಮೆಂಟ್ ಜೀವಕೋಶದ ಗೋಡೆಗೆ ತೂತು ಕೊರೆಯುತ್ತದೆ. ಕಡೆಗೆ ಇಯೋಸಿನ್ ಬಣ್ಣ. ಸೂಕ್ಷ್ಮದರ್ಶಕದಲ್ಲಿ ಬದುಕಿದ ಕಣಗಳು ಪುಟ್ಟ ಮಣಿಗಳ ಹಾಗೆ ಹೊಳೆಯುತ್ತವೆ. ಸತ್ತವು ಬಣ್ಣ ಕುಡಿದು, ಊದಿಕೊಂಡು ಮಂಕಾಗಿ ಬಿದ್ದಿರುತ್ತವೆ. ಮಣಿಗಳು ಹೊಳೆಯುತ್ತಿದ್ದರೆ ಕಸಿ. ಮಂಕಾಗಿದ್ದರೆ ಇಲ್ಲ.

ಈ ತಟ್ಟೆಯ ವಿಧಾನವನ್ನು 1964ರಲ್ಲಿ ಕೊಟ್ಟವರು ಲಾಸ್ ಏಂಜಲೀಸ್‌ನ ಪಾಲ್ ತೆರಸಾಕಿ. ಐದು ವರ್ಷದ ನಂತರ ಅವರು ಪಟೇಲ್ ಅನ್ನುವ ಸಹೋದ್ಯೋಗಿಯ ಜತೆ 225 ಕಸಿಗಳನ್ನು ಪರಿಶೀಲಿಸಿದರು. ಕ್ರಾಸ್‌ಮ್ಯಾಚ್ ಪಾಸಿಟಿವ್ ಇದ್ದರೂ ಕಸಿ ಮಾಡಿದ್ದ 30 ಜನರಲ್ಲಿ 24 ಜನರ ಕಿಡ್ನಿ ಕೂಡಲೇ ಹೋಗಿತ್ತು. ನೆಗೆಟಿವ್ ಇದ್ದ 195 ಜನರಲ್ಲಿ ಹಾಗೆ ಹೋದದ್ದು 8. ಆಮೇಲೆ ಕಸಿಗೆ ಮೊದಲು ಈ ಪರೀಕ್ಷೆ ಮಾಡುವುದು ರೂಢಿಯಾಯಿತು.

‘ಕೂಡಲೇ’ ಅಂದರೆ ಎಷ್ಟು ಬೇಗ? ಸರ್ಜನ್ ರಕ್ತನಾಳದ ಕ್ಲ್ಯಾಂಪ್ ಬಿಡುತ್ತಾರೆ. ಬೂದು ಬಣ್ಣದ ಕಿಡ್ನಿ ಗುಲಾಬಿಯಾಗಿ ಬಿಗಿಯಾಗುತ್ತದೆ. ಕೆಲವೇ ನಿಮಿಷಗಳಲ್ಲಿ ಅಲ್ಲಲ್ಲಿ ನೀಲಿ ಕಲೆ ಏಳುತ್ತದೆ. ಕಿಡ್ನಿ ಮೆತ್ತಗಾಗುತ್ತದೆ. ಒಳಗಿನ ಸಣ್ಣ ರಕ್ತನಾಳಗಳಲ್ಲೆಲ್ಲ ರಕ್ತ ಹೆಪ್ಪುಗಟ್ಟಿರುತ್ತದೆ. ಹೊಲಿಗೆ ಹಾಕುವ ಮೊದಲೇ ಅದನ್ನು ತೆಗೆಯಬೇಕಾಗುತ್ತದೆ. ಆಗಷ್ಟೇ ಪಕ್ಕದ ಥಿಯೇಟರಿನಲ್ಲಿ ಒಬ್ಬ ಆರೋಗ್ಯವಂತ ಮನುಷ್ಯ ಅದನ್ನು ಕೊಟ್ಟಿರುತ್ತಾನೆ. ಕ್ರಾಸ್‌ಮ್ಯಾಚ್ ತಡೆಯುವುದು ಈ ದುರಂತವನ್ನು. ಈಗ ಇದಕ್ಕಿಂತ ಸೂಕ್ಷ್ಮವಾದ ಫ್ಲೋ ಸೈಟೋಮೆಟ್ರಿ ಇದೆ. ಲ್ಯೂಮಿನೆಕ್ಸ್ ಅನ್ನುವ ಮಣಿ ಪರೀಕ್ಷೆಯೂ ಇದೆ. ಅದು ದಾನಿ ಇನ್ನೂ ಸಿಗದೇ ಇದ್ದಾಗಲೂ ರೋಗಿಯ ರಕ್ತದಲ್ಲಿ ಯಾವ ಯಾವ ಗುರುತಿನ ವಿರುದ್ಧ ಪ್ರತಿಕಾಯ ಇದೆ ಅಂತ ಪಟ್ಟಿ ಮಾಡಿ ಕೊಡುತ್ತದೆ.

ಆರಕ್ಕೆ ಎಷ್ಟು?

ಒಂದು ಕಾಲದಲ್ಲಿ ಹೊಂದಾಣಿಕೆಯೇ ಎಲ್ಲ ಆಗಿತ್ತು. 1954ರ ಡಿಸೆಂಬರ್ 23ರಂದು ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಮಾಡಿದ ಮೊದಲ ಯಶಸ್ವಿ ಕಿಡ್ನಿ ಕಸಿ ಅವಳಿ ಸಹೋದರರ ನಡುವೆ ನಡೆಯಿತು. ಇಬ್ಬರೂ ತದ್ರೂಪಿ ಅವಳಿಗಳೇ ಅಂತ ಖಾತ್ರಿ ಮಾಡಿಕೊಳ್ಳಲು ಮೊದಲು ಒಬ್ಬರ ಚರ್ಮದ ತುಂಡನ್ನು ಇನ್ನೊಬ್ಬರಿಗೆ ಕಸಿ ಮಾಡಿ ನೋಡಿದ್ದರು. ಅವಳಿ ಇಲ್ಲದವರಿಗೆ ಆಗ ಭರವಸೆಯೇ ಇರಲಿಲ್ಲ. ನಮ್ಮ ದೇಶದ ಮೊದಲ ಯಶಸ್ವಿ ಕಿಡ್ನಿ ಕಸಿ ವೆಲ್ಲೂರಿನ ಸಿಎಂಸಿಯಲ್ಲಿ 1971ರಲ್ಲಿ ಆದಾಗಲೂ ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದ ಹಾಗೆ ತಡೆಯಲು ಕೈಯಲ್ಲಿದ್ದ ಔಷಧ ಎರಡು ಮೂರು ಮಾತ್ರ.

1980ರ ದಶಕದಲ್ಲಿ ಇನ್ನೂ ಬಲವಾದ ಔಷಧ ಸೈಕ್ಲೋಸ್ಪೊರಿನ್ ಬಂತು, ಆಮೇಲೆ ಟ್ಯಾಕ್ರೊಲಿಮಸ್ ಬಂತು. ಲೆಕ್ಕ ಬದಲಾಯಿತು. 1995ರಲ್ಲಿ ತೆರಸಾಕಿ ತಂಡ ಅಮೆರಿಕದ ಅಂಕಿ ಅಂಶ ಪ್ರಕಟಿಸಿತು. ಗಂಡ ಅಥವಾ ಹೆಂಡತಿ ಕೊಟ್ಟ 368 ಕಿಡ್ನಿಗಳಲ್ಲಿ ಮೂರು ವರ್ಷ ಆದ ಮೇಲೂ ಕೆಲಸ ಮಾಡುತ್ತಿದ್ದವು ಶೇಕಡಾ 85. ತಂದೆ ತಾಯಿ ಕೊಟ್ಟಿದ್ದರಲ್ಲಿ ಶೇಕಡಾ 82. ತೀರಿಕೊಂಡವರಿಂದ ಬಂದದ್ದರಲ್ಲಿ 70. ಅಪ್ಪ ಅಮ್ಮನದ್ದು ಅರ್ಧ ಮ್ಯಾಚ್, ಗಂಡ ಹೆಂಡಿರದ್ದು ಹೆಚ್ಚುಕಡಿಮೆ ಸೊನ್ನೆ. ಆದರೂ ಫಲ ಒಂದೇ. ಬದುಕಿರುವ, ಗಟ್ಟಿಮುಟ್ಟಾದ ಮನುಷ್ಯನ ಕಿಡ್ನಿ ಅನ್ನುವುದೇ ಮುಖ್ಯವಾಯಿತು.

ಅದೇ ಲೇಖನದಲ್ಲಿ ಇನ್ನೊಂದು ಸಾಲು ಇತ್ತು. ಹೆಂಡತಿ ಗಂಡನಿಗೆ ಕೊಟ್ಟಾಗ ಶೇಕಡಾ 87. ಒಮ್ಮೆಯೂ ಬಸುರಿಯಾಗದ ಹೆಂಡತಿಗೆ ಗಂಡ ಕೊಟ್ಟಾಗಲೂ 87. ಬಸುರಿಯಾಗಿದ್ದ ಹೆಂಡತಿಗೆ ಗಂಡ ಕೊಟ್ಟಾಗ 76. ಈ ಗುಂಪಿನಲ್ಲಿದ್ದವರು ಕಡಿಮೆ ಜನ, ಆದ್ದರಿಂದ 76ನ್ನು ಕಲ್ಲಿನ ಮೇಲಿನ ಗೆರೆ ಅಂತ ಹಿಡಿಯಬಾರದು. ಆದರೆ ಅದು ಬೆರಳು ತೋರಿಸಿದ ದಿಕ್ಕು ಸರಿಯಾಗಿಯೇ ಇತ್ತು.

ಅದಕ್ಕೇ ಆರಕ್ಕೆ ಒಂದು ಅಂತ ನೋಡಿ ಹಿಂದೆ ಸರಿಯಬೇಡಿ ಅಂದಿದ್ದು. ಕ್ರಾಸ್‌ಮ್ಯಾಚ್ ನೆಗೆಟಿವ್ ಇದ್ದರೆ, ದಾನಿ ಆರೋಗ್ಯವಾಗಿದ್ದರೆ, ಕಡಿಮೆ ಮ್ಯಾಚ್ ಅನ್ನುವುದು ಕಸಿಯನ್ನು ಬಿಟ್ಟುಕೊಡುವ ಕಾರಣ ಅಲ್ಲ. ಹಾಗಂತ ಮ್ಯಾಚ್ ಸುಮ್ನೆ ಅಂತಲೂ ಅಲ್ಲ. ಪೂರ್ತಿ ಹೊಂದುವ ಒಡಹುಟ್ಟಿದವರ ಕಿಡ್ನಿ ಇವತ್ತಿಗೂ ಎಲ್ಲಕ್ಕಿಂತ ಜಾಸ್ತಿ ವರ್ಷ ಬಾಳುತ್ತದೆ. ರೋಗಿ 12 ವರ್ಷದ ಮಗುವಾದರೆ ಹೊಂದಾಣಿಕೆಗೆ ಇನ್ನೂ ತೂಕ ಕೊಡಬೇಕು. ಆ ಮಗುವಿಗೆ ಮುಂದೆ ಎರಡನೇ ಕಸಿ ಬೇಕಾಗಬಹುದು. ಮೊದಲ ಕಿಡ್ನಿಯಲ್ಲಿ ಕಂಡ ಪ್ರತಿ ಹೊಸ ಗುರುತಿಗೂ ಮೈ ಪ್ರತಿಕಾಯ ಕಟ್ಟಿಕೊಳ್ಳಬಹುದು, ಆಗ ಎರಡನೆಯದು ಸಿಗುವುದು ಕಷ್ಟ.

ಗ್ಲಾಸ್ಗೋದಲ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಜನ್ ಗಿಬ್ಸನ್ ಮತ್ತು ವಿಜ್ಞಾನಿ ಪೀಟರ್ ಮೆಡವಾರ್ ಇದನ್ನು ಕಣ್ಣಾರೆ ಕಂಡಿದ್ದರು. ಮೈ ಸುಟ್ಟುಕೊಂಡ ಒಬ್ಬ ಯುವತಿಗೆ ಆಕೆಯ ಸಹೋದರನ ಚರ್ಮದ ಚೂರುಗಳನ್ನು ಹಚ್ಚಿದರು. ಕೆಲವು ದಿನ ಅಂಟಿಕೊಂಡಿದ್ದು ಆಮೇಲೆ ಕರಗಿಹೋದವು. ಅದೇ ಸಹೋದರನ ಚರ್ಮ ಎರಡನೇ ಸಲ ಹಚ್ಚಿದಾಗ ಇನ್ನೂ ಬೇಗ ಹೋಯಿತು. ಮೈಗೆ ನೆನಪಿತ್ತು. ಕಸಿ ಮಾಡಿಸಿಕೊಂಡವರು ದುಡ್ಡಿನ ತೊಂದರೆಯಿಂದ ಮಾತ್ರೆ ನಿಲ್ಲಿಸಿದರೆ ಆಗುವುದೂ ಇದೇ. ಕಿಡ್ನಿ ಹೋಗುವುದರ ಜತೆಗೆ ಮೈ ತುಂಬ ಪ್ರತಿಕಾಯ ಉಳಿದುಬಿಡುತ್ತದೆ.

ಪಾಸಿಟಿವ್ ಬಂದ ಮೇಲೆ

ಹಾಸನದ ಆ ದಂಪತಿಗೆ ಮೂರು ದಾರಿ ಇವೆ.

ಒಂದು, ಪ್ರತಿಕಾಯಗಳನ್ನು ತೆಗೆಯುವುದು. ಡಯಾಲಿಸಿಸ್ ಥರದ್ದೇ ಯಂತ್ರದಲ್ಲಿ ಪ್ಲಾಸ್ಮಾ ಶೋಧಿಸುತ್ತಾರೆ. ಪ್ರತಿಕಾಯದ ಕಾಟ ತಗ್ಗಿಸಲು ಇಮ್ಯುನೊಗ್ಲೋಬ್ಯುಲಿನ್, ರಿಟುಕ್ಸಿಮ್ಯಾಬ್ ಅನ್ನುವ ಔಷಧ ಕೊಡುತ್ತಾರೆ. ರಕ್ತದ ಗುಂಪು ಬೇರೆ ಇದ್ದಾಗ ಈ ದಾರಿ ಈಗ ಚೆನ್ನಾಗಿ ನಡೆಯುತ್ತಿದೆ. ಎಚ್‌ಎಲ್‌ಎ ಪ್ರತಿಕಾಯದ ವಿಷಯದಲ್ಲಿ ಅಷ್ಟು ಸುಲಭ ಅಲ್ಲ. ತೆಗೆದದ್ದು ಮತ್ತೆ ಬರುತ್ತದೆ, ಯಾಕೆಂದರೆ ತಯಾರಿಸುವ ಕಣಗಳು ಮೂಳೆಯ ಮಜ್ಜೆಯೊಳಗೆ ಹಾಗೇ ಇರುತ್ತವೆ. ಖರ್ಚು ಲಕ್ಷಗಳಲ್ಲಿ ಏರುತ್ತದೆ. ಸೋಂಕಿನ ಭಯ ಬೇರೆ. ಕ್ಷಯ ಇಷ್ಟು ಇರುವ ದೇಶದಲ್ಲಿ ಅದು ಸಣ್ಣ ಭಯ ಅಲ್ಲ.

ಎರಡು, ಅದಲುಬದಲು. ಎಲ್ಲರೂ ಇದನ್ನು ಸ್ವಾಪ್ ಅನ್ನುತ್ತಾರೆ. ಗಂಡನ ಕಿಡ್ನಿ ನನಗೆ ಆಗುವುದಿಲ್ಲ, ನಿಮ್ಮ ತಾಯಿಯದ್ದು ನಿಮಗೆ ಆಗುವುದಿಲ್ಲ. ಆದರೆ ನನ್ನ ಗಂಡನದ್ದು ನಿಮಗೆ, ನಿಮ್ಮ ತಾಯಿಯದ್ದು ನನಗೆ ಹೊಂದಿದರೆ? ಈ ಯೋಚನೆಯನ್ನು 1986ರಲ್ಲಿ ಫೆಲಿಕ್ಸ್ ರ‍್ಯಾಪಪೋರ್ಟ್ ಮುಂದಿಟ್ಟರು. 1991ರಲ್ಲಿ ದಕ್ಷಿಣ ಕೊರಿಯಾ ಮಾಡಿ ತೋರಿಸಿತು. ಜೋಡಿಗಳನ್ನು ಹೊಂದಿಸುವ ಗಣಿತ ಕಟ್ಟಿದವರಲ್ಲಿ ಒಬ್ಬರಾದ ಆಲ್ವಿನ್ ರಾಥ್‌ಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮಲ್ಲಿ 2011ರ ತಿದ್ದುಪಡಿ ಇದಕ್ಕೆ ಕಾನೂನಿನ ಬಾಗಿಲು ತೆರೆಯಿತು. ದಾನಿಗಳು ಹತ್ತಿರದ ಸಂಬಂಧಿಕರೇ ಆಗಿರಬೇಕು. ತಮ್ಮವರಿಗೆ ಕೊಡಲು ವೈದ್ಯಕೀಯ ಕಾರಣದಿಂದ ಆಗದೇ ಇದ್ದವರಾಗಿರಬೇಕು. ಅನುಮತಿ ಸಮಿತಿ ಒಪ್ಪಬೇಕು. ಅಹಮದಾಬಾದಿನ ಸರ್ಕಾರಿ ಕಿಡ್ನಿ ಸಂಸ್ಥೆ ಇಂಥ ನೂರಾರು ಕಸಿ ಮಾಡಿದೆ. ಅಂದರೆ ಇದು ನಮ್ಮ ದೇಶದಲ್ಲಿ ಆಗದ ಕೆಲಸ ಅಲ್ಲ.

ರಕ್ತದ ಗುಂಪಿನ ತೊಡಕು ಇದ್ದವರಿಗೆ ಸ್ವಾಪ್ ಬೇಗ ಸಿಗುತ್ತದೆ. ಎ ರೋಗಿಗೆ ಬಿ ದಾನಿ, ಬಿ ರೋಗಿಗೆ ಎ ದಾನಿ. ಇಂಥ ಎರಡು ಜೋಡಿ ಒಂದೇ ಆಸ್ಪತ್ರೆಯಲ್ಲಿ ಸಿಗಬಹುದು. ಆದರೆ ನಾನು ಹೇಳುತ್ತಿರುವ ತಾಯಂದಿರಿಗೆ ಅಷ್ಟು ಸಾಲದು. ಒಬ್ಬಾಕೆಯ ಪ್ರತಿಕಾಯಗಳು 100 ದಾನಿಗಳಲ್ಲಿ 95 ಜನರ ಮೇಲೆ ಬೀಳುತ್ತವೆ ಅಂದುಕೊಳ್ಳಿ. ಆಸ್ಪತ್ರೆಯ ಪಟ್ಟಿಯಲ್ಲಿ 10 ಜೋಡಿ ಇದ್ದರೆ ಆಕೆಗೆ ಒಗ್ಗುವವರು ಸರಾಸರಿ ಅರ್ಧ ಜನ. ಅಂದರೆ ಯಾರೂ ಇಲ್ಲದೇ ಇರುವ ಸಾಧ್ಯತೆಯೇ ಹೆಚ್ಚು. ಪಟ್ಟಿಯಲ್ಲಿ 200 ಜೋಡಿ ಇದ್ದರೆ 10 ಜನ. ಅದರಲ್ಲಿ ರಕ್ತದ ಗುಂಪು ಹೊಂದಬೇಕು, ಆಕೆಯ ಗಂಡನ ಕಿಡ್ನಿ ಆ ಕಡೆಯವರಿಗೂ ಹೊಂದಬೇಕು. ಆದರೂ ಒಂದು ಜೋಡಿ ಉಳಿಯಬಹುದು. ಆಸ್ಪತ್ರೆಗಳು ತಮ್ಮ ತಮ್ಮ ಪಟ್ಟಿಯನ್ನು ತಮ್ಮ ಹತ್ತಿರವೇ ಇಟ್ಟುಕೊಂಡರೆ ಆಕೆಗೆ ಈ ಜನ್ಮದಲ್ಲಿ ಕಿಡ್ನಿ ಸಿಗುವುದು ಕಷ್ಟ.

2025ರಲ್ಲಿ ನೊಟ್ಟೊ ದೇಶಕ್ಕೆಲ್ಲ ಒಂದೇ ಸ್ವಾಪ್ ವ್ಯವಸ್ಥೆ ಇರಲಿ ಅಂತ ರಾಜ್ಯಗಳಿಗೆ ಬರೆಯಿತು. ಇದು ಕಾಗದದ ಮೇಲೆ ಉಳಿಯಬಾರದು. ಕರ್ನಾಟಕದಲ್ಲಿ ಜೀವಸಾರ್ಥಕತೆ ಅನ್ನುವ ಅಂಗದಾನದ ಸಂಸ್ಥೆ ಇದೆ. ತೀರಿಕೊಂಡ ದಾನಿಗಳ ಅಂಗ ಯಾರಿಗೆ ಅಂತ ಪಟ್ಟಿ ಇಟ್ಟು ನಡೆಸುವ ಅನುಭವ ಅದಕ್ಕಿದೆ. ಸ್ವಾಪ್ ಜೋಡಿಗಳಿಗೂ ಇಡೀ ರಾಜ್ಯಕ್ಕೆ ಒಂದು ಪಟ್ಟಿ ಬೇಕು. ಅದರಲ್ಲಿ ರಕ್ತದ ಗುಂಪಿನ ಜತೆ ಎಚ್‌ಎಲ್‌ಎ, ಪ್ರತಿಕಾಯದ ವಿವರವೂ ಇರಬೇಕು. ಎಲ್ಲ ಲ್ಯಾಬ್‌ಗಳೂ ಒಂದೇ ರೀತಿಯಲ್ಲಿ ಪರೀಕ್ಷೆ ಮಾಡಬೇಕು. ಇಲ್ಲದಿದ್ದರೆ ಮಂಗಳೂರಿನ ರಿಪೋರ್ಟನ್ನು ಬೆಂಗಳೂರಿನವರು ನಂಬುವುದಿಲ್ಲ, ಎಲ್ಲ ಮತ್ತೆ ಮೊದಲಿಂದ. ಖರ್ಚು ರೋಗಿಯದ್ದು.

ಮೂರನೆಯ ದಾರಿ, ತೀರಿಕೊಂಡವರ ಕಿಡ್ನಿಗಾಗಿ ಕಾಯುವುದು. 2023ರಲ್ಲಿ ದೇಶದಲ್ಲಿ 18,000ಕ್ಕೂ ಹೆಚ್ಚು ಅಂಗಾಂಗ ಕಸಿ ನಡೆದವು. ಅದರಲ್ಲಿ ತೀರಿಕೊಂಡ ದಾನಿಗಳಿಂದ ಬಂದದ್ದು 3,000ಕ್ಕೂ ಕಡಿಮೆ. ಕರ್ನಾಟಕ ಆ ವರ್ಷ 178 ದಾನಿಗಳೊಂದಿಗೆ ದೇಶದ ಮುಂಚೂಣಿಯಲ್ಲಿತ್ತು. ಆದರೂ ಕಾಯುವವರ ಸಾಲು ಉದ್ದ. ಇಲ್ಲೂ ಕ್ರಾಸ್‌ಮ್ಯಾಚ್ ಬಿಡುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತದೆ. ‘ಒಂದು ಕಿಡ್ನಿ ಇದೆ, ಏನೂ ತಿನ್ನದೆ ಕೂಡಲೇ ಹೊರಡಿ’. ಒಂದು ಕಿಡ್ನಿಗೆ ಒಬ್ಬರಿಗಿಂತ ಹೆಚ್ಚು ಜನರನ್ನು ಕರೆದಿರುತ್ತಾರೆ, ಯಾರದ್ದಾದರೂ ಹೊಂದದೇ ಹೋದರೆ ಅಂತ. ದಾವಣಗೆರೆಯಿಂದ ಕಾರು ಮಾಡಿಕೊಂಡು ಬಂದು, ರಕ್ತ ಕೊಟ್ಟು, ಬೆಳಗಿನ ಜಾವದವರೆಗೂ ಕಾರಿಡಾರಿನ ಬೆಂಚಿನ ಮೇಲೆ ಕೂರುತ್ತಾರೆ. ಪ್ರತಿಕಾಯ ಜಾಸ್ತಿ ಇರುವವರು ಹೀಗೆ ಒಂದಲ್ಲ, ನಾಲ್ಕೈದು ಸಲ ಬಂದು ವಾಪಸ್ ಹೋಗಬೇಕಾಗಬಹುದು. ಹೆಂಗಸರಿಗೆ ಆದ್ಯತೆಯ ಅಂಕ ಕೊಟ್ಟರೆ ಒಳ್ಳೆಯದೇ, ನಾನು ಅದರ ಪರ. ಆದರೆ ಅಂಕ ಆಕೆಯನ್ನು ಆ ಬೆಂಚಿನವರೆಗೆ ತರುತ್ತದೆ ಅಷ್ಟೇ. ಗುಳಿಯೊಳಗಿನ ಮಣಿಗಳು ಹೊಳೆಯಬೇಕಾದರೆ ಆಕೆಗೆ ಒಗ್ಗುವ ದಾನಿಯನ್ನು ದೊಡ್ಡ ಪಟ್ಟಿಯಲ್ಲಿ ಮೊದಲೇ ಹುಡುಕಿಟ್ಟಿರಬೇಕು.

ರಕ್ತ ಹಾಕಿಸುವ ಮೊದಲು

ಪ್ರತಿಕಾಯ ಬರುವುದಕ್ಕೆ ಬಸಿರು ಮತ್ತು ಹಳೆಯ ಕಸಿ ಅಲ್ಲದೆ ಇನ್ನೊಂದು ದಾರಿ ಇದೆ. ಅದು ರಕ್ತ ಹಾಕಿಸಿಕೊಳ್ಳುವುದು. ಕಿಡ್ನಿ ಕೆಟ್ಟವರಲ್ಲಿ ಹಿಮೋಗ್ಲೋಬಿನ್ ಇಳಿಯುತ್ತದೆ. ಯಾಕೆಂದರೆ ರಕ್ತ ತಯಾರಿಸು ಅಂತ ಮಜ್ಜೆಗೆ ಹೇಳುವ ಹಾರ್ಮೋನು ಬರುವುದೇ ಕಿಡ್ನಿಯಿಂದ. ಅದಕ್ಕೆ ಎರಿತ್ರೊಪೊಯೆಟಿನ್ ಇಂಜೆಕ್ಷನ್ ಇದೆ, ಕಬ್ಬಿಣದ ಇಂಜೆಕ್ಷನ್ ಇದೆ. ಅದು ತಪ್ಪಿದಾಗ ಅಥವಾ ಕೊಳ್ಳಲು ಆಗದಿದ್ದಾಗ ಒಂದು ಬಾಟಲಿ ರಕ್ತ ಹಾಕಿ ಕಳಿಸುವುದು ಸುಲಭದ ದಾರಿ. ಆ ಬಾಟಲಿಯಲ್ಲಿ ಬಿಳಿ ರಕ್ತಕಣಗಳೂ ಇರುತ್ತವೆ, ಅವುಗಳ ಮೈಮೇಲೆ ಅಪರಿಚಿತರ ಗುರುತೂ ಇರುತ್ತದೆ. ಮೊದಲೇ ಬಸಿರಿನ ನೆನಪಿರುವ ಹೆಂಗಸಿನ ಮೈಗೆ ಇದು ಆ ನೆನಪನ್ನು ಕೆದಕಿದ ಹಾಗೆ. ಜೀವ ಉಳಿಸಲು ರಕ್ತ ಬೇಕೇ ಬೇಕು ಅಂದರೆ ಹಾಕಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದೆ ಕಸಿ ಮಾಡಿಸುವ ಯೋಚನೆ ಇದ್ದರೆ ‘ಇಂಜೆಕ್ಷನ್‌ನಲ್ಲಿ ಆಗುತ್ತಾ? ಬಿಳಿ ಕಣ ಶೋಧಿಸಿದ ರಕ್ತ ಸಿಗುತ್ತಾ?’ ಅಂತ ಡಾಕ್ಟರನ್ನು ಕೇಳಿ. ಶೋಧಿಸಿದ ರಕ್ತವೂ ಪೂರ್ತಿ ರಕ್ಷಣೆ ಕೊಡುವುದಿಲ್ಲ, ಆದರೆ ಅಪಾಯ ಕಡಿಮೆ ಮಾಡುತ್ತದೆ.

ಇನ್ನೊಂದು ಮಾತು. ಪ್ರತಿಕಾಯದ ಪರೀಕ್ಷೆಯನ್ನು ದಾನಿ ಗೊತ್ತಾದ ಮೇಲೆ ಮಾಡಿಸುವುದು ರೂಢಿ. ಹೆತ್ತ ಹೆಂಗಸರಿಗೆ ಅದನ್ನು ಮೊದಲೇ, ಕಿಡ್ನಿ ಸೋಲುತ್ತಿದೆ ಅಂತ ಗೊತ್ತಾದಾಗಲೇ ಮಾಡಿಸಬೇಕು. ಆಗ ಗಂಡನ ಮೇಲೆ ಒಂದು ವರ್ಷ ಭರವಸೆ ಇಟ್ಟು ಕೂತು ಕಡೆಗೆ ಕೈಚೆಲ್ಲುವುದು ತಪ್ಪುತ್ತದೆ. ತವರಿನವರ ಜತೆ ಮಾತಾಡಲು, ಸ್ವಾಪ್ ಪಟ್ಟಿಗೆ ಹೆಸರು ಕೊಡಲು ಸಮಯ ಸಿಗುತ್ತದೆ.

ಇದೆಲ್ಲ ಶುರುವಾಗುವುದು ಮೊದಲ ಭೇಟಿಯಲ್ಲಿ ಡಾಕ್ಟರ್ ಕೇಳುವ ಒಂದು ಪ್ರಶ್ನೆಯಿಂದ. ‘ಎಷ್ಟು ಸಲ ಬಸುರಿ ಆಗಿದ್ದೀರಿ?’ ಬಹಳ ಸಲ ಬರುವ ಉತ್ತರ ‘ಎರಡು ಮಕ್ಕಳು ಸಾರ್’. ಮೂರನೇ ತಿಂಗಳಲ್ಲಿ ಹೋದದ್ದು, ತೆಗೆಸಿದ್ದು, ಹುಟ್ಟಿ ಉಳಿಯದೇ ಇದ್ದದ್ದು ಆ ಲೆಕ್ಕದಲ್ಲಿ ಇರುವುದಿಲ್ಲ. ಪಕ್ಕದಲ್ಲಿ ಅತ್ತೆ ಕೂತಿರುತ್ತಾರೆ, ಎದುರಿಗೆ ಮಗ ಫೈಲು ಹಿಡಿದು ನಿಂತಿರುತ್ತಾನೆ. ಆಕೆ ಹೇಗೆ ಹೇಳಿಯಾಳು? ಈ ಪ್ರಶ್ನೆ ಕೇಳುವಾಗ ಎರಡು ನಿಮಿಷ ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಮುಚ್ಚಿ, ಆಕೆಯೊಬ್ಬಳನ್ನೇ ಕೇಳಬೇಕು.